ಐವತ್ತೆಂಟು ಗ್ರಾಂ

ವಿರಾಜಪೇಟೆಯ ಕ್ಲಬ್ಬಿನ ಹಲಗೆಗೆ ನಾಲ್ಕು ಗುಂಡುಪಿನ್ನು ಚುಚ್ಚಿ
ನಿಯಮ ಹಾಕಿದ್ದರು, ಕಾರ್ಬನ್ ಕಾಪಿಯ ಹಾಗೆ ಮಸುಕು:
ಹದಿನೈದು ನಿಮಿಷ ತಡವಾದರೆ ಎದುರಾಳಿಗೆ ವಾಕೋವರ್.
ಐದು ನಿಮಿಷ ವಾರ್ಮಪ್. ಪಂದ್ಯಕ್ಕೆ ಎರಡೇ ಹೊಸ ಚೆಂಡು.
ಮೂರನೇ ಸೆಟ್ ಇಲ್ಲ, ಹತ್ತು ಪಾಯಿಂಟಿನ ಟೈಬ್ರೇಕ್.
ಅಂಪೈರ್ ಇಲ್ಲ. ನಿಮ್ಮ ಕಡೆಯ ಗೆರೆ ನೀವೇ ನೋಡಿ ಹೇಳತಕ್ಕದ್ದು.
ಸಂಶಯವಿದ್ದರೆ ಚೆಂಡು ಒಳಗೆ.

ಕೊನೆಯ ಸಾಲನ್ನು ಓದಿದ್ದೆ. ಎರಡು ಸಲ.
ಅಂಚೆ ಕಚೇರಿಯವಳು ನಾನು, ಸಣ್ಣಕ್ಷರ ಓದುವುದೇ ಕಸುಬು.

ನಲವತ್ತೈದು ದಾಟಿದ ಹೆಂಗಸರ ಸಿಂಗಲ್ಸ್, ಒಟ್ಟು ಆರು ಜನ.
ಇಬ್ಬರಿಗೆ ಬೈ. ನನಗಲ್ಲ.
ನನ್ನನ್ನು ಬೈದದ್ದು ಮಂಡಿ,
ಮೂರು ತಿಂಗಳು ಬೆಳಗ್ಗೆ ಐದೂವರೆಗೆ
ಮಲೆತಿರಿಕೆ ಬೆಟ್ಟ ಹತ್ತಿ ಇಳಿಯುವಾಗ.
ಫಿಸಿಯೋ ಹುಡುಗಿ ನೀಲಿ ಟೇಪು ಅಂಟಿಸಿ
"ಗೆಲ್ಲೋದು ಆಮೇಲೆ ಆಂಟಿ, ಮೊದಲು ಕೂತು ಏಳಿ" ಅಂದಿದ್ದಳು.
ಗಿರಾಕಿ ಇಲ್ಲದಾಗ ಕೌಂಟರಿನ ಹಿಂದೆ ಕೂತು ಎದ್ದೆ.
ಪಿಂಚಣಿಗೆ ಬಂದ ಮಾಜಿ ಸುಬೇದಾರರೊಬ್ಬರು
ಕಿಟಕಿಯಲ್ಲಿ ನನ್ನ ತಲೆ ಮುಳುಗಿ ತೇಲುವುದನ್ನು ಕಂಡು
ಸೆಲ್ಯೂಟ್ ಹೊಡೆದರು.

ಸೆಮಿಫೈನಲಿಗೆ ಅಮ್ಮತ್ತಿಯ ಮುದ್ದವ್ವ ಟೀಚರ್, ಅರವತ್ತೊಂದು ವರ್ಷ.
ಅರವತ್ತರ ವಿಭಾಗಕ್ಕೆ ಅವರೊಬ್ಬರೇ ಹೆಸರು ಕೊಟ್ಟದ್ದರಿಂದ
ನಮ್ಮೊಳಗೆ ಸೇರಿಸಿದ್ದರು.
ಓಡುವುದಿಲ್ಲ. ಓಡಿಸುತ್ತಾರೆ.
ಅವರ ಸ್ಲೈಸು ಬಿಸಿ ಒತ್ತಿಗೆ ಬೆಣ್ಣೆ ಸವರಿದ ಹಾಗೆ.
ನನ್ನ ಒಳ್ಳೆಯ ಹೊಡೆತಕ್ಕೆಲ್ಲ ರಾಕೆಟ್ಟಿನ ಮೇಲೆ ಅಂಗೈ ತಟ್ಟುತ್ತಾರೆ.
ಸಿಟ್ಟು ಬರಿಸುವುದೇ ಅದು.

ಒಂದು ಸೆಟ್ ಅವರದು, ಒಂದು ನನ್ನದು. ಟೈಬ್ರೇಕಿನಲ್ಲಿ ಎಂಟು-ಎಂಟು.
ಬೇಲಿಯಾಚೆ ಕಾಫಿ ಹೂ ಬಿಟ್ಟು, ಘಮಕ್ಕೆ ಸೀನು ಬರುವಂತಿತ್ತು.
ಅವರ ಲಾಬ್ ಸೂರ್ಯನೊಳಗೆ ಹೋಯಿತು, ಹೊರಗೆ ಬಂತು,
ನನ್ನ ಹಿಂದೆ, ಬೇಸ್‌ಲೈನಿನ ಹತ್ತಿರ, ಎಲ್ಲೋ ಬಿತ್ತು.
ಆ ಎಲ್ಲೋ ಎಂಬುದನ್ನು ನಾನು ನೋಡಲಿಲ್ಲ.
ತೋರುಬೆರಳು ನೋಡಿತು,
ನನ್ನನ್ನು ಕೇಳದೆ ಎದ್ದು ನಿಂತಿತು: ಔಟ್.

ಮಣ್ಣಿನ ಕೋರ್ಟು. ಗುರುತು ತೋರಿಸು ಎನ್ನಬಹುದಿತ್ತು.
ಟೀಚರ್ ಟೋಪಿ ಸರಿಮಾಡಿಕೊಂಡು, ಚೆಂಡು ಪುಟಿಸಿ,
"ಎಂಟು-ಒಂಬತ್ತು" ಎಂದರು
ಮಕ್ಕಳ ಹಾಜರಿ ಕೂಗುವ ದನಿಯಲ್ಲಿ.
ನಾನು ಹೊಡೆದದ್ದು ನೆಟ್ಟಿನ ಪಟ್ಟಿಗೆ ತಾಗಿ
ಸ್ವಲ್ಪ ಯೋಚಿಸಿ, ಅವರ ಕಡೆಗೇ ಉರುಳಿತು.
ಕೈ ಕುಲುಕಿದಾಗ ಅವರ ಅಂಗೈ ಒಣಗಿತ್ತು.

ಊಟಕ್ಕೆ ಕಡಂಬುಟ್ಟು, ಪಂದಿಕರಿ.
ನನ್ನ ತಟ್ಟೆಗೆ ಇನ್ನೆರಡು ಉಂಡೆ ಹಾಕಿ
"ತಿನ್ನು, ನಾಳೆ ಫೈನಲ್" ಅಂದವರೂ ಅವರೇ.
ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ.
ಮೊಯ್ದು ಆಗಲೇ ಗೋಣಿ ಎಳೆದು ಮುಗಿಸಿದ್ದ,
ಕೆಂಪು ಮಣ್ಣು ಎಣ್ಣೆ ಹಾಕಿ ಬಾಚಿದ ತಲೆಯ ಹಾಗೆ.
"ಆ ಲಾಬು ನೀನು ನೋಡಿದ್ಯಾ ಮೊಯ್ದು?"
ಸುಣ್ಣದ ಬಕೆಟ್ಟಿನಲ್ಲಿ ಕೋಲಾಡಿಸುತ್ತಾ ಅವನು:
"ನಾನು ಗೆರೆ ಎಳೆಯೋನು ಅಕ್ಕಾ.
ಒಳಗೆ ಹೊರಗೆ ಎಲ್ಲ ನಿಮ್ಮದು."

ಫೈನಲ್ ಸೋತೆ, ಆರು-ಒಂದು ಆರು-ಎರಡು, ಅದು ಬೇರೆ ಕತೆ.
ರನ್ನರಪ್ಪಿಗೆ ಸ್ಟೀಲ್ ಫ್ಲಾಸ್ಕು.

ಸೋಮವಾರ ಬ್ಯಾಗಿನ ತಳದಲ್ಲಿ ಸೆಮಿಫೈನಲಿನ ಚೆಂಡೊಂದು ಸಿಕ್ಕಿತು.
ಹಳದಿ ರೋಮದ ಮೇಲೆ ಉಗುರಿನಷ್ಟು ಬಿಳಿ.
ಸುಣ್ಣ ಹೌದು. ಯಾವ ಹೊಡೆತದ್ದು?
ಎರಡು ಚೆಂಡಿನಲ್ಲಿ ಇದು ಯಾವುದೆಂದೂ ಗೊತ್ತಿಲ್ಲ.

ಕೌಂಟರ್ ತೆರೆಯಲು ಇನ್ನೂ ಹತ್ತು ನಿಮಿಷ.
ತೂಕದ ಯಂತ್ರದ ಮೇಲಿಟ್ಟೆ. ಐವತ್ತೆಂಟು ಗ್ರಾಂ.
ಸೆರಗಿನಿಂದ ಒರೆಸಿ ಮತ್ತೆ ಇಟ್ಟೆ.
ಐವತ್ತೆಂಟೇ.

"ಎಲ್ಲಿಗೆ ಕಳಿಸ್ತೀರಮ್ಮ ಅದನ್ನ?"
ಸುಬೇದಾರರು, ಇವತ್ತೂ ಸಾಲಿನಲ್ಲಿ ಮೊದಲಿಗರು.
ಎಲ್ಲಿಗೂ ಇಲ್ಲ, ಅಂದೆ.
ಹಾಗಾದರೆ ತೂಕ ಯಾಕೆ ಎನ್ನುತ್ತಾ
ಪಾಸ್‌ಬುಕ್ ಒಳಗೆ ತಳ್ಳಿದರು.